ಕರೆಂಟ್ ಇದ್ದಾಗಲೇ ಮೇನ್ ಇಳಿಸುತ್ತಿದ್ದ ಅಕ್ಕ

ಪ್ರತಿ ಸೋಮವಾರ ಬೆಳಿಗ್ಗೆ ಏಳೂವರೆ. ರಾಯಚೂರಿನ ಮೊದಲ ಬಸ್ಸಿನಿಂದ ಮಾನ್ವಿಯಲ್ಲಿ ಇಳಿದು ಬಂದ ನಾನು ಇನ್ನೂ ಕೈಚೀಲವನ್ನು ಮೇಜಿನ ಮೇಲೆ ಇಟ್ಟಿರುತ್ತಿರಲಿಲ್ಲ, ಅಷ್ಟರಲ್ಲಿ ನಮ್ಮ ಡಯಾಲಿಸಿಸ್ ಕೇಂದ್ರದ ದೀಪ, ಫ್ಯಾನು, ನೀರಿನ ಪಂಪು ಎಲ್ಲ ಒಮ್ಮೆಲೇ ನಿಂತುಬಿಡುತ್ತಿದ್ದವು. ಕರೆಂಟ್ ಹೋಗಿರುತ್ತಿರಲಿಲ್ಲ. ಎದುರಿನ ಕಿರಾಣಿ ಅಂಗಡಿಯಲ್ಲಿ ಫ್ಯಾನು ಸುಖವಾಗಿ ತಿರುಗುತ್ತಲೇ ಇರುತ್ತಿತ್ತು. ನಮ್ಮ ಆಯಾ ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟು, ಮೇನ್ ಸ್ವಿಚ್ಚನ್ನು ತಾನೇ ಕೆಳಗೆ ಎಳೆದಿರುತ್ತಿದ್ದಳು.

“ಇದ್ದ ಕರೆಂಟ್ ಯಾಕವ್ವಾ ತೆಗೀತಿ? ಅದು ಹೋಗೂದಂತೂ ಇದ್ದದ್ದ ಅದ!” ಎಂದು ನಾನು ಕೂಗಾಡುತ್ತಿದ್ದೆ.

“ಹೋದಾಗ ಪರೀಕ್ಷಾ ಮಾಡಾಕ ಬರಂಗಿಲ್ರಿ ಸರ್ರ. ಆವಾಗ ಮಂಚದ ಮ್ಯಾಲ ಮಂದಿ ಇರ್ತಾರ.”

ಇಷ್ಟು ಹೇಳಿ ಹಿತ್ತಲಿನ ಜನರೇಟರ್ ಕೋಣೆಗೆ ನಡೆಯುತ್ತಿದ್ದಳು. ಜನರೇಟರ್ ಶುರುವಾಗಿ ದೀಪ ಹತ್ತುವವರೆಗೂ ಬಾಯಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಳು. ಇಪ್ಪತ್ತರೊಳಗೆ ದೀಪ ಬಂದರೆ ಆ ವಾರ ನಮ್ಮೆಲ್ಲರ ಜತೆ ಚಲೋ ಮಾತು. ಮೂವತ್ತು ದಾಟಿತೋ, ಎಣ್ಣೆ ನೋಡಿದೆಯಾ, ಬ್ಯಾಟರಿ ನೀರು ನೋಡಿದೆಯಾ, ಪಟ್ಟಿ ಸಡಿಲಾಗಿದೆಯಾ ಎಂದು ರಾಯಚೂರಿನ ಮೆಕ್ಯಾನಿಕ್‌ನ ಫೋನು ಮಧ್ಯಾಹ್ನದವರೆಗೂ ಬಡಿದುಕೊಳ್ಳುತ್ತಿತ್ತು. ಪಾಪ, ಅವನು ಆಕೆಯ ನಂಬರನ್ನು ‘ಸೋಮವಾರ’ ಎಂದೇ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದ.

ಆಕೆ ತೀರಿಕೊಂಡು ಎರಡು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಆ ಹೆಸರನ್ನು ಯಾರೂ ಬಳಸಿದ್ದನ್ನು ನಾನು ಕೇಳಿಲ್ಲ. ಪಕ್ಕದ ಹಳ್ಳಿ ಕುರ್ಡಿಯವಳು, ಹಾಗಾಗಿ ಎಲ್ಲರಿಗೂ ಕುರ್ಡಿ ಅಕ್ಕ.

ಗೊತ್ತಿಲ್ಲದವರಿಗೆ ನಮ್ಮ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಮೂತ್ರಪಿಂಡ ಕೆಟ್ಟವರ ರಕ್ತವನ್ನು ನಳಿಕೆಯಲ್ಲಿ ಹೊರಗೆ ತಂದು, ಯಂತ್ರದಲ್ಲಿ ತೊಳೆದು, ಮತ್ತೆ ಮೈಯೊಳಗೆ ಕಳಿಸುತ್ತೇವೆ. ಒಬ್ಬೊಬ್ಬರಿಗೆ ನಾಲ್ಕು ತಾಸು, ವಾರಕ್ಕೆ ಎರಡು ಮೂರು ಸಲ. ಆ ನಾಲ್ಕು ತಾಸೂ ಒಂದು ಲೋಟದಷ್ಟು ರಕ್ತ ಮೈಯಿಂದ ಹೊರಗೆ ಓಡಾಡುತ್ತಿರುತ್ತದೆ. ಕರೆಂಟ್ ಹೋದರೆ ಯಂತ್ರದೊಳಗಿನ ಪುಟ್ಟ ಬ್ಯಾಟರಿ ಕಾಲು ತಾಸು ಅದನ್ನು ತಿರುಗಿಸುತ್ತದೆ, ಅಷ್ಟೇ. ಆಮೇಲೂ ನಿಂತೇ ಇದ್ದರೆ ರಕ್ತ ನಳಿಕೆಯಲ್ಲೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದನ್ನು ವಾಪಸ್ ಕೊಡುವ ಹಾಗಿಲ್ಲ, ಚೆಲ್ಲಬೇಕು. ನಮ್ಮ ರೋಗಿಗಳು ಮೊದಲೇ ರಕ್ತ ಕಡಿಮೆ ಇರುವ ಮಂದಿ.

ನಮ್ಮದು ಅಕ್ಕಿ ಗಿರಣಿಯವರು ಸೇರಿ ನಡೆಸುವ ಟ್ರಸ್ಟಿನ ಕೇಂದ್ರ. ಐದು ಮಂಚ, ಐದು ಯಂತ್ರ, ಒಬ್ಬ ಸಿಸ್ಟರ್, ಟೆಕ್ನಿಶಿಯನ್ ನಾನು. ಮಾನ್ವಿ ಸುತ್ತಲಿನ ಹಳ್ಳಿಯವರು, ದೇವದುರ್ಗದ ಕಡೆಯವರು ನಸುಕಿಗೇ ಎದ್ದು ಬಸ್ಸು ಹಿಡಿದು ಬರುತ್ತಾರೆ. ಜನರೇಟರ್ ನೋಡಿಕೊಳ್ಳಲು ಮೊದಲು ಒಬ್ಬ ಇದ್ದ. ಇದ್ದ ಅಂದರೆ, ಸಂಬಳದ ದಿನ ಇರುತ್ತಿದ್ದ. ಒಂದು ದಿನ ಐದೂ ಮಂಚ ತುಂಬಿದ್ದಾಗ ಕರೆಂಟ್ ಹೋಯಿತು. ಈ ಮಹಾರಾಯ ಚಹಾದಂಗಡಿಯಲ್ಲಿದ್ದ. ನಾನು “ಎಲ್ಲಿ ಹಾಳಾಗಿ ಹೋದ ಅವನು!” ಎಂದು ಬೀದಿಗೆ ಓಡಿದೆ. ಅವನನ್ನು ಕೊರಳಪಟ್ಟಿ ಹಿಡಿದು ಎಳೆದು ತರುವಷ್ಟರಲ್ಲಿ ಜನರೇಟರ್ ಗುಡುಗುಡು ಎನ್ನುತ್ತಿತ್ತು. ನೆಲ ಒರೆಸುತ್ತಿದ್ದ ಆಯಾ ಒದ್ದೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಮುಂದೆ ನಿಂತಿದ್ದಳು.

“ನಿನಗ ಇದು ಬರ್ತದೇನವ್ವಾ?”

“ನಮ್ಮ ಮನಿಯವರದು ಹಿಟ್ಟಿನ ಗಿರಣಿ ಇತ್ತಲ್ರಿ. ಡೀಸೆಲ್ ಇಂಜಿನ್. ಅವ್ರಿಗಿಂತ ಜಾಸ್ತಿ ಹ್ಯಾಂಡಲ್ ನಾನ ಹೊಡದೀನಿ. ಇದಕ್ಕ ಚಾವಿ ಅದ, ಇದೇನು ಮಹಾ.”

ಆಕೆಯ ತವರು ಕುರಿ ಕಾಯುವ ಮನೆತನ. ಕೊಟ್ಟದ್ದು ಗಿರಣಿಯವನಿಗೆ. ಕುಳ್ಳು ಜೀವ, ಹಣೆಯ ತುಂಬ ವಿಭೂತಿ, ದಾರ ಕಟ್ಟಿದ ಕನ್ನಡಕ. ಸಹಿ ಹಾಕಬೇಕೆಂದರೆ ಎರಡು ಸಲ ಪೆನ್ನು ಕೊಡವುತ್ತಿದ್ದಳು. ಆದರೆ ಇಂಜಿನ್ನಿನ ಸದ್ದು ಒಂದು ಎಳೆ ಬದಲಾದರೂ ಒಳಕೋಣೆಯಲ್ಲಿ ತಲೆ ಎತ್ತುತ್ತಿದ್ದಳು. ಟ್ರಸ್ಟಿನವರು ಆ ಚಹಾ ಕುಡುಕನನ್ನು ಬಿಡಿಸಿ ಜನರೇಟರನ್ನೂ ಆಕೆಗೇ ಒಪ್ಪಿಸಿದರು. ನನಗೆ ಇದು ಇಷ್ಟವಾಗಲಿಲ್ಲ, ನಿಜ ಹೇಳಬೇಕು. ಡಿಪ್ಲೊಮಾ ಮಾಡಿದವನು ನಾನು, ನನ್ನ ಕೇಂದ್ರದ ಮೇನ್ ಸ್ವಿಚ್ಚು ಕಸ ಗುಡಿಸುವವಳ ಕೈಯಲ್ಲಿ! ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಸಿಸ್ಟರ್ ಅದನ್ನು ದಿನಾ ಹೇಳುತ್ತಾರೆ.

ಅಷ್ಟರಲ್ಲಿ ಸೋಲಾರ್ ಬಂತು.

ಟ್ರಸ್ಟಿನ ಅಧ್ಯಕ್ಷರು ದೊಡ್ಡ ಮನುಷ್ಯರು, ದೊಡ್ಡ ಗಿರಣಿ, ಮಾತೂ ದೊಡ್ಡದು. ತಾರಸಿಯ ಮೇಲೆ ಸಾಲುಸಾಲಾಗಿ ಫಲಕ ಹಾಕಿಸಿದರು. ಉದ್ಘಾಟನೆಗೆ ಅಂಗಳದಲ್ಲಿ ಪೆಂಡಾಲು. ಆ ದಿನ ರೋಗಿಗಳು ಯಾರೂ ಇರಲಿಲ್ಲ, ಭಾನುವಾರ. “ದುನಿಯಾದಾಗ ಎಲ್ಲಾದಕ್ಕೂ ಬರ ಬರಬಹುದು, ನಮ್ಮ ರಾಯಚೂರ್ ಬಿಸಿಲಿಗೆ ಬರ ಅದನ್ರಿ? ಇನ್ನ ಮ್ಯಾಲ ನಮ್ಮ ರೋಗಿಗಳು ಕರೆಂಟಿನ ಫಿಕರ್ ಮಾಡಬ್ಯಾಡ್ರಿ!” ಎಂದು ಅಧ್ಯಕ್ಷರು ಮೈಕಿನಲ್ಲಿ ಗುಡುಗಿದರು. ಚಪ್ಪಾಳೆಯೋ ಚಪ್ಪಾಳೆ. ಆ ಹುಮ್ಮಸ್ಸಿನಲ್ಲಿ ಎಲ್ಲರ ಮುಂದೆ ಒಳಗೆ ಹೋಗಿ, “ನೋಡ್ರಿ, ಸರಕಾರದ ಕರೆಂಟ್ ಬಂದ್ ಮಾಡ್ತೀನಿ, ಸೂರ್ಯನ ಕರೆಂಟ್ ನೋಡ್ರಿ!” ಎಂದು ಮೇನ್ ಸ್ವಿಚ್ಚು ಇಳಿಸಿದರು.

ಎಲ್ಲ ಕತ್ತಲು. ಮೈಕು ಕೂಡ ಸತ್ತಿತು. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಒಂದು ಬಲ್ಬೂ ಇಲ್ಲ.

ಅದು ಹಾಗೆಯೇ ಇರುವ ಸೋಲಾರು. ಲೈನಿನಲ್ಲಿ ಕರೆಂಟ್ ಇದ್ದರೆ ಮಾತ್ರ ತಾನೂ ಕೊಡುತ್ತದೆ. ಲೈನು ಸತ್ತರೆ ತಾನೂ ನಿಲ್ಲುತ್ತದೆ. ಇಲ್ಲದಿದ್ದರೆ ಕಂಬ ಹತ್ತಿ ಕೆಲಸ ಮಾಡುವ ಲೈನ್‌ಮನ್‌ನ ಮೈಗೆ ನಮ್ಮ ಕರೆಂಟ್ ಹರಿದೀತು. ಹಾಕಿದವನು ಕಾಗದದಲ್ಲಿ ಬರೆದೇ ಕೊಟ್ಟಿದ್ದನಂತೆ. ಓದಿದವರು ಯಾರು? ನಾನೂ ಓದಿರಲಿಲ್ಲ. ಇಷ್ಟು ಬಿಸಿಲಿರುವ ಊರಿನಲ್ಲಿ ಸೋಲಾರು ನಿಲ್ಲುತ್ತದೆ ಎಂದು ನಮಗೆ ಯಾರಿಗೂ ಹೊಳೆಯಲೇ ಇಲ್ಲ. ಬಿಸಿಲಿನ ಸೊಕ್ಕು ಅದು.

ಅಧ್ಯಕ್ಷರು ಬೆವರುತ್ತ ನಿಂತಿದ್ದಾಗ ಹಿತ್ತಲಲ್ಲಿ ಜನರೇಟರ್ ಶುರುವಾಯಿತು. ದೀಪ ಬಂತು, ಮೈಕು ಗೊರಗೊರ ಎಂದಿತು. ಕುರ್ಡಿ ಅಕ್ಕ ಬಾಗಿಲಲ್ಲಿ ಬಂದು ನಿಂತು, “ಹದಿನಾಕಕ್ಕ ಬಂತ್ರಿ” ಎಂದಳು. ಎಣಿಕೆಯ ಲೆಕ್ಕ ನನಗೊಬ್ಬನಿಗೇ ಅರ್ಥವಾಗಿ ನಗು ತಡೆಯಲಾಗದೆ ಆಚೆ ಹೋದೆ.

ಹಾಗೆಂದು ಆಕೆಗೆ ಸೋಲಾರಿನ ಮೇಲೆ ದ್ವೇಷವೇನೂ ಇರಲಿಲ್ಲ. ನಮ್ಮಲ್ಲಿ ಅದನ್ನು ಪ್ರೀತಿಯಿಂದ ನೋಡಿಕೊಂಡವಳೆಂದರೆ ಆಕೆಯೊಬ್ಬಳೇ. ಗಿರಣಿಗಳ ಚಿಮಣಿಯಿಂದ ಹಾರುವ ಹೊಟ್ಟಿನ ಬೂದಿ ಫಲಕಗಳ ಮೇಲೆ ಕೂತು ವಾರದಲ್ಲಿ ಬೆಳ್ಳಗೆ ಪದರ ಕಟ್ಟುತ್ತಿತ್ತು. ಯಂತ್ರಗಳಿಗೆ ಬೇಕಾದ ನೀರು ಶುದ್ಧ ಮಾಡುವಾಗ ಹೊರಗೆ ಬಿಡುವ ಉಪ್ಪುನೀರನ್ನೇ ಬಳಸಿ ತೊಳಿ ಎಂದು ನಾನು ಜಾಣತನ ತೋರಿಸಿದೆ. ಒಣಗಿದ ಮೇಲೆ ಫಲಕದ ತುಂಬ ಉಪ್ಪಿನ ಕಲೆ. ಆಕೆ ನನಗೇನೂ ಅನ್ನಲಿಲ್ಲ. ಲಿಂಬೆಹಣ್ಣು ಉಜ್ಜಿ ಕಲೆ ತೆಗೆದು, ಅಂದಿನಿಂದ ಒಳ್ಳೆಯ ನೀರಿನಲ್ಲಿ ಹಳೆಯ ಸೀರೆ ಹಿಂಡಿ ಒರೆಸತೊಡಗಿದಳು. ಅಧ್ಯಕ್ಷರು ಒಮ್ಮೆ ತಾರಸಿ ಹತ್ತಿ ಬಂದಾಗ ಮಾತ್ರ ಸುಮ್ಮನೆ ಬಿಡಲಿಲ್ಲ.

“ಸಾವ್ಕಾರ್ರ, ನಿಮ್ಮ ಮಿಲ್ಲಿನ ಬೂದಿ ನಿಮ್ಮ ಸೋಲಾರ್ ಮ್ಯಾಲ ಕುಂತದ ನೋಡ್ರಿ. ಸೂರ್ಯಪ್ಪಗ ಯಾಕ ಬೈತೀರಿ?”

ಅಧ್ಯಕ್ಷರು ನಕ್ಕರು. ಅವರಿಗೆ ಆಕೆಯ ಮೇಲೆ ಒಂದು ಬಗೆಯ ಗೌರವವಿತ್ತು. ಜತೆಗೆ ಒಂದು ಬಗೆಯ ಕಿರಿಕಿರಿಯೂ ಇತ್ತು.

ಉದ್ಘಾಟನೆಯ ಅವಮಾನ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಮುಂದಿನ ವರ್ಷ ದೊಡ್ಡ ಬ್ಯಾಟರಿಗಳನ್ನು ತರಿಸಿ ಸೋಲಾರಿಗೆ ಜೋಡಿಸಿದರು. ಈಗ ಲೈನು ಹೋದರೂ ಬಿಸಿಲಿನ ಕರೆಂಟ್ ನಡೆಯುತ್ತಿತ್ತು, ಕಣ್ಣು ಮಿಟುಕಿಸುವಷ್ಟೂ ಹೊತ್ತು ದೀಪ ಆರುತ್ತಿರಲಿಲ್ಲ. ನನಗಂತೂ ಹಿಗ್ಗೋ ಹಿಗ್ಗು. ಹೊಗೆ ಇಲ್ಲ, ಸದ್ದಿಲ್ಲ, ಡೀಸೆಲ್ ವಾಸನೆ ಇಲ್ಲ. ಹೀಗಿರುವಾಗ ಜನರೇಟರ್ ಯಾಕೆ? ರಾಯಚೂರಿನಲ್ಲಿ ಅಧ್ಯಕ್ಷರ ಬೀಗರ ಕಲ್ಯಾಣ ಮಂಟಪವಿತ್ತು, ಅಲ್ಲಿಗೆ ಕೊಟ್ಟುಬಿಡೋಣ ಎಂದು ಟ್ರಸ್ಟಿನ ಸಭೆಯಲ್ಲಿ ಮಾತಾಯಿತು. ನನ್ನ ಅಭಿಪ್ರಾಯ ಕೇಳಿದರು. “ಕೊಡ್ರಿ ಸರ್, ಅದರ ಜರೂರು ಏನಿಲ್ಲ” ಎಂದೆ. ಈ ಮಾತು ಆಡಿದವನು ನಾನೇ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಕುರ್ಡಿ ಅಕ್ಕ ಸಭೆಗೆ ಚಹಾ ತಂದಿದ್ದಳು. ತಟ್ಟೆಯನ್ನು ಮೇಜಿನ ಮೇಲಿಟ್ಟು ಅಲ್ಲೇ ನಿಂತಳು.

“ಬ್ಯಾಟ್ರಿ ಎಷ್ಟು ತಾಸು ಬರ್ತದ್ರಿ ಸರ್ರ?” ಎಂದು ನನ್ನನ್ನೇ ಕೇಳಿದಳು.

“ಐದೂ ಮಷೀನ್ ನಡದ್ರ, ಬಿಸಿಲಿಲ್ಲಂದ್ರ, ಎರಡು ತಾಸು.”

“ನಮ್ಮ ಕೆಲಸ ನಾಲ್ಕು ತಾಸಿಂದು.”

“ಅಷ್ಟು ಹೊತ್ತು ಲೈನೂ ಹೋಗಿ ಮೋಡಾನೂ ಬರೂದು ಯಾವಾಗರೆ ಒಮ್ಮೆ ಬೇ,” ಎಂದರು ಅಧ್ಯಕ್ಷರು.

ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಹೇಳಿದಳು. ಆರು ವರ್ಷ ಜತೆಗೆ ಕೆಲಸ ಮಾಡಿದ್ದ ನನಗೆ ಗೊತ್ತಿಲ್ಲದ ವಿಷಯ ಅದು.

“ನಮ್ಮ ಮನಿಯವರ್ನ ಬ್ಯಾರೆ ಊರಾಗ ಒಂದ ಕಡಿ ಹಿಂಗ ಮಲಗಿಸಿದ್ವಿ ಸಾವ್ಕಾರ್ರ. ಕರೆಂಟ್ ಹೋತು. ಜನರೇಟರ್ ಇತ್ತು ಅಲ್ಲಿ, ಇಲ್ಲ ಅನ್ನಂಗಿಲ್ಲ. ಎಷ್ಟು ತಿಂಗಳಿಂದ ಅದನ್ನ ಯಾರೂ ಚಾಲೂ ಮಾಡಿದ್ದಿಲ್ಲೋ. ಒದ್ದಾಡಿದ್ರು, ಒದ್ದಾಡಿದ್ರು, ಹತ್ತಲಿಲ್ಲ. ನಳಿಗ್ಯಾಗಿನ ರಕ್ತ ಕರ್ರಗಾತು. ನನ್ನ ಮುಂದ ಕತ್ತರಿಸಿ ಬಕೀಟಿಗೆ ಹಾಕಿದ್ರು. ಮರುವಾರ ನಡೀರಿ ಅಂದ್ರ ಇವರು ಒಲ್ಲೆ ಅಂದ್ರು. ‘ನನ್ನ ರಕ್ತ ಬಕೀಟಿನಾಗ ನೋಡೀನಿ, ಇನ್ನ ಅಲ್ಲಿಗೆ ಬರಂಗಿಲ್ಲ’ ಅಂದ್ರು. ಕೈ ಮುಗದೆ, ಕಾಲು ಹಿಡದೆ. ಬರಲಿಲ್ಲ. ಇಪ್ಪತ್ತು ದಿನಕ್ಕ ಹೋದ್ರು.”

ಚಹಾದ ಲೋಟಗಳನ್ನು ಒಬ್ಬೊಬ್ಬರ ಮುಂದೆ ಇಟ್ಟು ಮುಂದುವರಿಸಿದಳು.

“ಯಾವಾಗರೆ ಒಮ್ಮೆ ಅಂತೀರಿ. ನಮಗ ಆದದ್ದೂ ಒಮ್ಮೇನ. ಜನರೇಟರ್ ಕೊಡೂದ ಇದ್ರ ಕೊಡ್ರಿ, ನಿಮ್ಮದು. ಆದ್ರ ಮೊದಲ ಒಂದು ದಿನ ನೀವ ಬಂದು ಆ ಮಂಚದ ಮ್ಯಾಲ ಮಲಕೋರಿ. ಸೂಜಿ ಚುಚ್ಚಿಸ್ಕೋರಿ. ನಾ ಮೇನ್ ಇಳಸ್ತೀನಿ, ಸೋಲಾರ್ ಮ್ಯಾಲ ತಾಡಪತ್ರಿ ಹಾಸ್ತೀನಿ. ಎರಡು ತಾಸಿಗೆ ಬ್ಯಾಟ್ರಿ ಮುಗೀತದ. ಉಳದ ಎರಡು ತಾಸು ನಿಮ್ಮ ಭರೋಸಾ ಯಾತರ ಮ್ಯಾಲ, ಮಲಗಿದಲ್ಲಿಂದ ನನಗ ಹೇಳ್ರಿ.”

ಒಬ್ಬ ಆಯಾ ಅಧ್ಯಕ್ಷರಿಗೆ ಹೀಗೆ ಮಾತಾಡಬಹುದೆಂದು ನಾನು ಅಂದುಕೊಂಡಿರಲಿಲ್ಲ. ಕೆಲಸ ಹೋಯಿತು ಇವಳದು ಎಂದುಕೊಂಡೆ. ಅಧ್ಯಕ್ಷರು ಟೋಪಿಯನ್ನು ತಲೆಗೆ ಹಾಕಿಕೊಂಡರು. “ಜನರೇಟರ್ ಇಲ್ಲೇ ಇರ್ಲಿ. ಬೀಗರಿಗೆ ನಾ ಹೇಳ್ತೀನಿ,” ಎಂದು ಎದ್ದುಹೋದರು. ನಾನು ಆ ದಿನ ಆಕೆಯ ಮುಖ ನೋಡಲು ನಾಚಿಕೊಂಡೆ. ಸಂಜೆ ಬಸ್ಸಿಗೆ ಹೊರಟಾಗ ಆಕೆಯೇ, “ಮನಸಿಗೆ ಹಚ್ಕೋಬ್ಯಾಡ್ರಿ ಯಪ್ಪಾ, ನಿಮಗ ಗೊತ್ತಿದ್ದಿಲ್ಲ” ಎಂದಳು.

ಇಷ್ಟೆಲ್ಲ ಹೇಳಿ ಆಕೆಯನ್ನು ತಪ್ಪೇ ಮಾಡದವಳೆಂದು ಚಿತ್ರ ಬರೆದರೆ ಆಕೆಯೇ ಎದ್ದು ಬಂದು ಬೈದಾಳು. ತಪ್ಪು ಮಾಡಿದಳು. ಅದೂ ಜನರೇಟರಿನ ಮೇಲಿನ ಅಕ್ಕರೆಯಿಂದಲೇ ಮಾಡಿದಳು.

ನಮ್ಮ ಕಡೆ ಗಿರಣಿಗಳಲ್ಲಿ ಆಯುಧಪೂಜೆ ಎಂದರೆ ಸಣ್ಣ ಸಂಗತಿಯಲ್ಲ. ಯಂತ್ರಕ್ಕೆ ಹಾಕಿದ ಹಾರ ತಾನಾಗಿ ಒಣಗುವವರೆಗೆ ಯಾರೂ ಕೀಳುವುದಿಲ್ಲ. ಅಕ್ಕ ಮೊದಲೆಲ್ಲ ಜನರೇಟರಿಗೆ ಒಂದು ಕುಂಕುಮದ ಬೊಟ್ಟಿಟ್ಟು, “ನಡೆಸೂದ ಇದರ ಪೂಜಾ” ಎಂದು ಮುಗಿಸಿಬಿಡುತ್ತಿದ್ದಳು. ಜನರೇಟರ್ ಕೈಬಿಟ್ಟು ಹೋಗುವುದು ತಪ್ಪಿದ ಆ ವರ್ಷ ಮಾತ್ರ ಆಕೆಗೆ ಮನಸ್ಸು ತಡೆಯಲಿಲ್ಲ. ಕುರ್ಡಿಯಿಂದ ಚೀಲದ ತುಂಬ ಚೆಂಡುಹೂವು ತಂದು, ತೋಳು ದಪ್ಪದ ಹಾರ ಕಟ್ಟಿ, ಜನರೇಟರಿನ ಮುಖ ಎಂದು ತಾನು ತಿಳಿದಿದ್ದ ಕಡೆಗೆ ಮೂರು ಸುತ್ತು ಇಳಿಬಿಟ್ಟಳು. ಅದು ಗಾಳಿ ಒಳಗೆ ಎಳೆದುಕೊಳ್ಳುವ ಜಾಲರಿ.

ಸೋಮವಾರದ ಪರೀಕ್ಷೆಯೂ ಆಯಿತು. ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಹತ್ತು ನಿಮಿಷದಲ್ಲಿ ಇಂಜಿನ್ ಬಿಸಿಯಾಗುವುದಿಲ್ಲ.

ಬುಧವಾರ ಹಿಂಗಾರಿನ ಮಳೆ ಹಿಡಿಯಿತು. ಎರಡು ದಿನ ಸೂರ್ಯನ ಮುಖ ಕಾಣಲಿಲ್ಲ. ಶುಕ್ರವಾರ ಬೆಳಿಗ್ಗೆ ಐದೂ ಮಂಚದ ಮೇಲೆ ಮಂದಿ ಮಲಗಿದ ಅರ್ಧ ತಾಸಿಗೆ ಲೈನು ಹೋಯಿತು, ಎಲ್ಲೋ ಕಂಬ ಉರುಳಿತ್ತು. ಮೋಡದಲ್ಲಿ ಅರೆಹೊಟ್ಟೆ ತುಂಬಿದ್ದ ಬ್ಯಾಟರಿ ಒಂದು ತಾಸು ತಳ್ಳಿತು. ಅಕ್ಕ ಜನರೇಟರ್ ಹಚ್ಚಿದಳು. ಹನ್ನೆರಡು ಎಣಿಸುವುದರಲ್ಲಿ ಬಂತು. ನಾವು ನಿಶ್ಚಿಂತೆಯಿಂದ ಇದ್ದೆವು. ಮುಕ್ಕಾಲು ತಾಸು ಕಳೆದಿರಬೇಕು, ಜನರೇಟರ್ ತಾನಾಗಿ ನಿಂತುಹೋಯಿತು. ಹಾರದ ಎಸಳುಗಳನ್ನೆಲ್ಲ ಒಳಗೆ ಎಳೆದುಕೊಂಡು, ರೇಡಿಯೇಟರಿನ ಸಂದುಸಂದಿನಲ್ಲಿ ತುಂಬಿಕೊಂಡು, ಕಾದು ಬಂದ್ ಆಗಿತ್ತು.

ಯಂತ್ರಗಳೊಳಗಿನ ಪುಟ್ಟ ಬ್ಯಾಟರಿ ಇದೆಯಲ್ಲ ಎಂದು ನಾನು ಧೈರ್ಯ ತಂದುಕೊಂಡೆ. ಐದರಲ್ಲಿ ಮೂರು ಯಂತ್ರಗಳು ಐದೇ ನಿಮಿಷಕ್ಕೆ ನಿಂತವು. ಅವುಗಳ ಬ್ಯಾಟರಿ ಹಳತಾಗಿದ್ದವು. ಅದನ್ನು ನೋಡಬೇಕಾದವನು ಅಕ್ಕನಲ್ಲ, ನಾನು. ಜನರೇಟರನ್ನು ಆಕೆ ವಾರಕ್ಕೊಮ್ಮೆ ಪರೀಕ್ಷಿಸಿದಳು. ನಾನು ನನ್ನ ಯಂತ್ರದ ಬ್ಯಾಟರಿಯನ್ನು ವರ್ಷವಾದರೂ ಮುಟ್ಟಿರಲಿಲ್ಲ.

ಪಂಪಿಗೆ ಹಾಕಿ ಕೈಯಿಂದ ತಿರುಗಿಸುವ ಒಂದು ಹಿಡಿಕೆ ಪ್ರತಿ ಯಂತ್ರಕ್ಕೂ ಇರುತ್ತದೆ. ಸಲೈನ್ ಬಿಟ್ಟುಕೊಂಡು, ನಿಧಾನಕ್ಕೆ, ಒಂದೇ ಸಮ ತಿರುಗಿಸಿ ರಕ್ತವನ್ನು ಮೈಯೊಳಗೆ ತಳ್ಳಬೇಕು. ನಳಿಕೆಯಲ್ಲಿ ಗಾಳಿಯ ಗುಳ್ಳೆ ಹೋಗದಂತೆ ಒಬ್ಬರು ನೋಡುತ್ತಿರಬೇಕು. ಸಿಸ್ಟರ್ ಇನ್ನೂ ನಡೆಯುತ್ತಿದ್ದ ಎರಡು ಯಂತ್ರಗಳ ರಕ್ತ ವಾಪಸ್ ಕೊಡುವುದರಲ್ಲಿದ್ದರು. ಸಲೈನ್ ಜೋಡಿಸಿ ಗುಳ್ಳೆ ನೋಡಲು ನಾನು ಬೇಕು. ಮೂರು ಹಿಡಿಕೆಗೆ ಉಳಿದದ್ದು ಅಕ್ಕನ ಎರಡು ಕೈ. ಆಕೆ ಪಡಸಾಲೆಯ ಬಾಗಿಲು ದೂಡಿದಳು. ಅಲ್ಲಿ ರೋಗಿಗಳ ಹೆಂಡಂದಿರು ಬುತ್ತಿಗಂಟು ಇಟ್ಟುಕೊಂಡು ಕೂತಿರುತ್ತಾರೆ.

“ಬಸಮ್ಮಾ, ಒಳಗ ಬಾ! ಮಾಸ್ತರ ಮನಿಯಾಕಿ, ನೀನೂ ಬಾರವ್ವಾ! ಕೈ ತೊಳಕೋರಿ, ಜಲ್ದಿ!”

“ಅವರ್ನ ಯಾಕ ಕರೀತಿ? ಅವರಿಗೇನ ಬರ್ತದ?” ಎಂದು ನಾನು ಚೀರಿದೆ.

“ರೊಟ್ಟಿ ಬಡಿಯೋ ಕೈ ಅವು. ಒಂದ ಸಮ ತಿರುಗಿಸಾಕ ಬರ್ತದ. ನೀವು ಗುಳ್ಳಿ ನೋಡ್ರಿ!”

ಬಸಮ್ಮ ಚೀಕಲಪರ್ವಿಯವಳು, ಎರಡನೇ ಮಂಚದವನ ಹೆಂಡತಿ. ಇನ್ನೊಬ್ಬರು ದೇವದುರ್ಗದ ನಿವೃತ್ತ ಮಾಸ್ತರರ ಹೆಂಡತಿ, ಮುತ್ತೈದೆಯಾದ ಮುದುಕಿ. ಮೂವರು ಹೆಂಗಸರೂ ಮೂರು ಮಂಚದ ಪಕ್ಕ ನಿಂತು ತಿರುಗಿಸಿದರು. ಬಸಮ್ಮ ಗಂಡನ ಮುಖ ನೋಡಲಿಲ್ಲ, ನಳಿಕೆಯನ್ನೇ ನೋಡುತ್ತಿದ್ದಳು. ನಾನು ಮೂರು ಮಂಚದ ನಡುವೆ ಓಡಾಡಿದೆ. ಕೆಂಪು ತೆಳುವಾಗುತ್ತ, ಗುಲಾಬಿಯಾಗುತ್ತ, ಕೊನೆಗೆ ನಳಿಕೆ ಬೆಳ್ಳಗಾಯಿತು. ಮೂವರ ರಕ್ತವೂ ಒಳಗೆ ಹೋಯಿತು. ಒಂದು ಹನಿಯೂ ಚೆಲ್ಲಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹಿತ್ತಲಿಗೆ ಹೋದರೆ ಅಕ್ಕ ಜನರೇಟರಿನ ಬಾಗಿಲು ತೆಗೆದು ಕುಕ್ಕರಗಾಲಲ್ಲಿ ಕೂತಿದ್ದಳು. ತಲೆಯ ಪಿನ್ನಿನಿಂದ ಸಂದುಗಳೊಳಗಿನ ಎಸಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಮಳೆ ಹನಿಯುತ್ತಿತ್ತು.

“ಹಾರ ಹಾಕಿದ್ದು ನಾನ ಸರ್ರ. ಬ್ಯಾರೆ ಯಾರಿಗೂ ಅನಬ್ಯಾಡ್ರಿ. ಅಧ್ಯಕ್ಷರಿಗೆ ನಾನ ಹೋಗಿ ಹೇಳ್ತೀನಿ.”

“ಬ್ಯಾಟರಿ ನೋಡದವ ನಾನು. ನಾನೂ ಬರ್ತೀನಿ ನಡಿ,” ಎಂದೆ.

ಇಬ್ಬರೂ ಒಂದೇ ಆಟೋದಲ್ಲಿ ಗಿರಣಿಗೆ ಹೋಗಿ ತಪ್ಪೊಪ್ಪಿಕೊಂಡೆವು. ಅಧ್ಯಕ್ಷರು ಇಬ್ಬರಿಗೂ ಮನಸಾರೆ ಬೈದರು. ಮರುವಾರ ಯಂತ್ರಗಳಿಗೆ ಹೊಸ ಬ್ಯಾಟರಿ ಬಂದವು. ಸೋಮವಾರದ ಹತ್ತು ನಿಮಿಷ ಒಂದು ತಾಸಾಯಿತು, ಐದೂ ಯಂತ್ರ, ನೀರಿನ ಪಂಪು, ಎಲ್ಲವನ್ನೂ ನಡೆಸಿಟ್ಟು. ಅದಕ್ಕಾಗಿ ನಾನು ರಾಯಚೂರಿನಿಂದ ಭಾನುವಾರ ಸಂಜೆಯೇ ಬಂದು ಉಳಿಯಬೇಕಾಯಿತು. ಒಂದು ದಿನವೂ ಗೊಣಗಲಿಲ್ಲ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ.

ಆ ಶುಕ್ರವಾರದಿಂದ ಆಕೆಗೆ ಹೊಸ ಚಿಂತೆ ಹತ್ತಿತು. “ಲೈನ್ ಹೋದ್ರ ಸೋಲಾರ್ ಅದ, ಸೋಲಾರ್ ಹೋದ್ರ ಬ್ಯಾಟ್ರಿ ಅದ, ಬ್ಯಾಟ್ರಿ ಹೋದ್ರ ಜನರೇಟರ್ ಅದ. ನಾ ಹೋದ್ರ ಏನದ್ರಿ?” ಎಂದು ಕೇಳತೊಡಗಿದಳು. ಟ್ರಸ್ಟಿನವರು ಆಕೆಯ ಕೈಕೆಳಗೊಬ್ಬನನ್ನು ಕೊಟ್ಟರು. ಆಕೆಗೆ ಅಷ್ಟು ಸಾಲಲಿಲ್ಲ. ಪಡಸಾಲೆಯ ಹೆಂಗಸರನ್ನು ಇಬ್ಬಿಬ್ಬರಂತೆ ಹಿತ್ತಲಿಗೆ ಕರೆದೊಯ್ಯತೊಡಗಿದಳು. ಎಣ್ಣೆಯ ಕಡ್ಡಿ ಹೇಗೆ ನೋಡುವುದು, ಚಾವಿ ಎಷ್ಟು ಹೊತ್ತು ಹಿಡಿಯುವುದು, ದೊಡ್ಡ ಸ್ವಿಚ್ಚನ್ನು ಯಾವಾಗ ತಿರುವುವುದು, ಎಲ್ಲ. ಹಿರೇಕೊಟ್ನೆಕಲ್ಲಿನ ಒಬ್ಬಾಕೆ ಹೆದರಿ ಕಿವಿ ಮುಚ್ಚಿಕೊಂಡರೆ, “ಅಲ್ಲವ್ವಾ, ಗಂಡನ ಜತಿ ಮೂವತ್ತು ವರ್ಷ ಬಾಳೀದಿ, ಇದರ ಸಪ್ಪಳಕ್ಕ ಅಂಜತೀಯೇನು?” ಎಂದು ನಗಿಸುತ್ತಿದ್ದಳು.

ನಾನು ಆಗಲೂ ತಕರಾರು ತೆಗೆದೆ. ಹೊರಗಿನವರು ಯಂತ್ರ ಮುಟ್ಟಬಾರದು, ಏನಾದರೂ ಆದರೆ ಯಾರು ಹೊಣೆ, ನಾಳೆ ಯಾರಾದರೂ ಪರಿಶೀಲನೆಗೆ ಬಂದರೆ?

“ಹೊರಗಿನವರು ಯಾರ್ರಿ? ಮಂಚದ ಮ್ಯಾಲ ಇರೋದು ಅವರ ಗಂಡನ ರಕ್ತ. ಅವರ ಒಳಗಿನವರು, ನೀವು ನಾನು ಹೊರಗಿನವರು.”

ಮರುದಿನ ಜನರೇಟರಿನ ಚಾವಿಯನ್ನು ಎಲ್ಲರಿಗೂ ಕಾಣುವಂತೆ ಹಿತ್ತಲಿನ ಮೊಳೆಗೆ ನಾನೇ ತೂಗುಹಾಕಿದೆ.

ಈ ಬೇಸಿಗೆಯಲ್ಲಿ ಒಂದು ಬುಧವಾರ ಸಂಜೆ ಕೆಲಸ ಮುಗಿಸಿ ಕುರ್ಡಿಗೆ ಹೋದವಳು ಎದೆ ಹಿಡಿದುಕೊಂಡು ಕೂತಳಂತೆ. ವಾಹನ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಗುರುವಾರ ಮಧ್ಯಾಹ್ನ ಮಣ್ಣು. ಅಧ್ಯಕ್ಷರು, ಟ್ರಸ್ಟಿನವರು, ಆಕೆಯ ಕೈಕೆಳಗಿನವನು, ಎಲ್ಲರೂ ಒಂದೇ ಗಾಡಿಯಲ್ಲಿ ಕುರ್ಡಿಗೆ ಹೋದರು. ನಾನೂ ಸಿಸ್ಟರೂ ಹೋಗಲಿಲ್ಲ. ಐದು ಮಂಚ ತುಂಬಿದ್ದವು. ನಮ್ಮ ಕೆಲಸವನ್ನು ನಾಳೆಗೆ ಹಾಕಲು ಬರುವುದಿಲ್ಲ. ಆಕೆಯ ಮುಖವನ್ನು ಕೊನೆಗೊಮ್ಮೆ ನೋಡದೆ ಹೋದೆನಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ಮಧ್ಯಾಹ್ನ ಬಿರುಗಾಳಿ ಎದ್ದಿತು. ನಮ್ಮ ಕಡೆಯ ಬೇಸಿಗೆಯ ಗಾಳಿ, ಕೆಂಧೂಳಿನಲ್ಲಿ ಹಗಲೇ ಕತ್ತಲಾಗುತ್ತದೆ. ಲೈನು ಹೋಯಿತು. ಬ್ಯಾಟರಿ ಹಿಡಿದುಕೊಂಡಿತು. ಧೂಳು ಇಳಿಯಲೇ ಇಲ್ಲ, ಫಲಕಗಳಿಂದ ಏನೂ ಬರುತ್ತಿರಲಿಲ್ಲ. ನಾನು ಮೂರನೇ ಮಂಚದಲ್ಲಿದ್ದ ದೇವದುರ್ಗದ ಮಾಸ್ತರರ ಹತ್ತಿರ ಸಿಕ್ಕಿಬಿದ್ದಿದ್ದೆ. ಅವರ ಬಿಪಿ ಇಳಿಯುತ್ತಿತ್ತು, ಕೈ ಬಿಟ್ಟು ಏಳುವ ಹಾಗಿರಲಿಲ್ಲ. ಸಿಸ್ಟರ್ ಐದನೇ ಮಂಚದಲ್ಲಿ. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು ಎಂದು ಸೋಲಾರಿನ ಪೆಟ್ಟಿಗೆ ಕೂಗಿಕೊಂಡಿತು. ನಾನು ಎದ್ದರೆ ಮಾಸ್ತರರು, ಏಳದಿದ್ದರೆ ಐವರೂ. “ಅಕ್ಕಾ!” ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ಆಕೆ ಎಲ್ಲಿದ್ದಾಳೆಂದು ನೆನಪಾಯಿತು.

ದೀಪ ಆರಿದವು. ನೀರಿನ ಪಂಪು ನಿಂತಿತು. ಹಿತ್ತಲಲ್ಲಿ ಜನರೇಟರ್ ಗುಡುಗಿತು. ದೀಪ ಬಂದವು.

ಬಾಗಿಲಲ್ಲಿ ಬಸಮ್ಮ ನಿಂತಿದ್ದಳು, ತಲೆಯ ತುಂಬ ಕೆಂಧೂಳು, ಕೈಯಲ್ಲಿ ಚಾವಿ. ಹಿಂದೆ ಹಿರೇಕೊಟ್ನೆಕಲ್ಲಿನ ಆ ಹೆದರುಪುಕ್ಕಲಿ ಎಣ್ಣೆ ಒರೆಸುವ ಅರಿವೆ ಹಿಡಿದು ನಿಂತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ತಡೆದುಕೊಳ್ಳಲಾಗಲಿಲ್ಲ. ಮಾಸ್ತರರ ಕೈ ಹಿಡಿದುಕೊಂಡೇ, ಐವರು ರೋಗಿಗಳ ಮುಂದೆ, ಸಣ್ಣವರಂತೆ ಬಿಕ್ಕಿ ಬಿಕ್ಕಿ ಅತ್ತೆ. ಬೆಳಗಿನಿಂದ ತಡೆದಿಟ್ಟುಕೊಂಡ ಅಳು ಅದು.

ಬಸಮ್ಮನೂ ಅಳುತ್ತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದಳು.

“ಡೀಸೆಲ್ ನೋಡೀನ್ರಿ, ಸಂಜೀತನಕ ಬರ್ತದ. ಜಾಲರಿ ಮುಂದ ಏನೂ ಇಲ್ಲ. ಆಮ್ಯಾಲ ಎಲ್ಲಾರೂ ಕೂಡಿ ಅಳೂನು ಸರ್ರ. ಈಗ ಮಾಸ್ತರ ಬಿಪಿ ನೋಡ್ರಿ.”

ನೋಡಿದೆ.